ಐದನೇ ಪಕ್ಕೆಲುಬು, ಎರಡು ಮಿಲಿಮೀಟರ್

ಇಂದ:
ಅರ್ಜಿದಾರ (ವಯಸ್ಸು ಅರವತ್ತೊಂದು),
ನಿವೃತ್ತ ಗುಮಾಸ್ತ, ನೀರು ಸರಬರಾಜು ಕಚೇರಿ,
ಮೊದಲನೇ ಮಹಡಿ.

ಗೆ:
ಮಾನ್ಯ ಹಿರಿಯ ಸಹೋದರರು (ವಯಸ್ಸು ಅರವತ್ತೊಂಬತ್ತು),
ನಿವೃತ್ತ ನಿರೀಕ್ಷಕರು, ತೂಕ ಮತ್ತು ಅಳತೆ ಇಲಾಖೆ,
ಎರಡನೇ ಮಹಡಿ, ಅದೇ ಕಟ್ಟಡ, ಅದೇ ಮೆಟ್ಟಿಲು.

ಮೂಲಕ: ಅತ್ತಿಗೆಯವರು (ಸೂಕ್ತ ಮಾರ್ಗ ಎಂಬುದು ಇದೊಂದೇ ಉಳಿದಿರುವುದರಿಂದ).

ವಿಷಯ: ಅರ್ಧಕ್ಕೆ ನಿಂತ ಮರದ ಹಡಗಿನ ಬಲಬದಿಗೆ ಹಲಗೆ ಹೊದಿಸುವ ಕೆಲಸಕ್ಕೆ ತಾವು ಮರಳಿ ಹಾಜರಾಗುವ ಬಗ್ಗೆ.

ಉಲ್ಲೇಖ: (ಅ) ಮೂವತ್ತೊಂದು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನಡೆದ ಮಾತುಕತೆ.
(ಆ) ಅಂದಿನಿಂದ ಇಂದಿನವರೆಗೆ ನಡೆಯದ ಮಾತುಕತೆ.

ಮಾನ್ಯರೇ,

('ಅಣ್ಣ' ಎಂದು ಕರೆಯುವ ಹಕ್ಕು ಸದ್ಯ ಅಮಾನತಿನಲ್ಲಿರುವುದರಿಂದ ಮೇಲ್ಕಂಡ ಸಂಬೋಧನೆಯನ್ನು ಬಳಸಲಾಗಿದೆ. ಮನ್ನಿಸುವುದು.)

ತಮ್ಮ ಅವಗಾಹನೆಗೆ ತರಬಯಸುವ ಅಂಶಗಳು ಈ ಕೆಳಕಂಡಂತಿವೆ:

1. ಸದರಿ ಹಡಗು ಮೂರು ಹಾಯಿಕಂಬದ್ದು. ಉದ್ದ ಎಪ್ಪತ್ತೆರಡು ಸೆಂಟಿಮೀಟರ್. ಅದು ಇದುವರೆಗೆ ನೀರು ಕಂಡಿಲ್ಲ. ಅರ್ಜಿದಾರನೂ ಸಮುದ್ರ ಕಂಡವನಲ್ಲ. ಮೂವತ್ತನಾಲ್ಕು ವರ್ಷ ನೀರಿನ ಕಚೇರಿಯಲ್ಲಿದ್ದು ಅವನು ಕಂಡದ್ದು ನೀರಿನ ಕಡತಗಳನ್ನು ಮಾತ್ರ. ಹೀಗಿದ್ದೂ ಅಣ್ಣತಮ್ಮಂದಿರಿಬ್ಬರು ಮೂರು ವರ್ಷ ಪ್ರತಿ ಭಾನುವಾರ ಒಂದೇ ಮೇಜಿನ ಎರಡು ಬದಿಗೆ ಕೂತು ಹಡಗಿನ ಬೆನ್ನುಮೂಳೆ ಮತ್ತು ಹದಿಮೂರು ಪಕ್ಕೆಲುಬುಗಳನ್ನು ಸಿದ್ಧಪಡಿಸಿದ್ದರು. ಗೆರೆ ಎಳೆಯುವವರು ಹಿರಿಯರು, ಕೊಯ್ಯುವವನು ಕಿರಿಯ. ಮುಂದೆ ಹಲಗೆ ಹೊದಿಸುವಾಗ ಎಡಬದಿ ಕಿರಿಯನದು, ಬಲಬದಿ ಹಿರಿಯರದು ಎಂದು ಒಪ್ಪಂದವಾಗಿತ್ತು.

2. ಹಲಗೆ ಹೊದಿಸುವ ನಿಯಮ ತಮಗೆ ತಿಳಿದದ್ದೇ. ಎಡಕ್ಕೊಂದು ಪಟ್ಟಿ ಅಂಟಿಸಿದರೆ ಬಲಕ್ಕೊಂದು ಅಂಟಿಸಬೇಕು. ಒಂದೇ ಬದಿಗೆ ಅಂಟಿಸುತ್ತ ಹೋದರೆ, ಒಣಗುವ ಪಟ್ಟಿಗಳು ಎಳೆದೆಳೆದು ಬೆನ್ನುಮೂಳೆಯನ್ನೇ ತಿರುಚಿಬಿಡುತ್ತವೆ. ಈ ನಿಯಮವನ್ನು ಅರ್ಜಿದಾರನಿಗೆ ಹೇಳಿಕೊಟ್ಟವರು ತಾವು.

3. ಉಲ್ಲೇಖ (ಅ)ರಲ್ಲಿ ಕಾಣಿಸಿದ ಭಾನುವಾರ ಪಕ್ಕೆಲುಬುಗಳ ಕೊನೆಯ ತಪಾಸಣೆ ನಡೆದಾಗ ಆಡಿದ ಮಾತುಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಐದನೇದು ಎರಡು ಮಿಲಿಮೀಟರ್ ಕಡಿಮೆ ಇದೆ ಕಣೋ," ಎಂದು ತಾವು.

"ನಿನ್ನ ಸ್ಕೇಲೇ ಸರಿ ಇಲ್ಲ ಬಿಡು," ಎಂದು ಅರ್ಜಿದಾರ.

"ಏನಂದೆ?"

"ಊರಿನ ತಕ್ಕಡೀನೆಲ್ಲ ತಿದ್ದೋರು ಮೊದಲು ಮನೇಲಿರೋ ಸ್ಕೇಲ್ ನೋಡ್ಕೋಬೇಕು ಅಂದೆ."

ಅಳತೆಯ ನಿರೀಕ್ಷಕರಿಗೆ ಅಳತೆ ಬಾರದೆಂದು ಹೇಳುವುದು ಅಡುಗೆಯವನಿಗೆ ಉಪ್ಪಿನ ಹದ ಗೊತ್ತಿಲ್ಲವೆಂದಂತೆ. ತಾವು ಸ್ಕೇಲನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಿರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಅಡಿಕೆಗಿಂತಲೂ ಚಿಕ್ಕದಕ್ಕೆ.

4. ತದನಂತರ ಅರ್ಜಿದಾರನು, ನೀನಿಲ್ಲದಿದ್ದರೆ ಹಡಗೇ ನಿಲ್ಲುತ್ತದೆಯೇ ಎಂಬ ಹಟಕ್ಕೆ ಬಿದ್ದು, ನಾಲ್ಕೇ ಭಾನುವಾರಗಳಲ್ಲಿ ಎಡಬದಿಯ ಇಪ್ಪತ್ತಾರು ಪಟ್ಟಿಗಳನ್ನೂ ಅಂಟಿಸಿ ಮುಗಿಸಿದನು. ಬಲಬದಿ ತಮ್ಮದಾದ್ದರಿಂದ ಅದನ್ನು ಮುಟ್ಟಲಿಲ್ಲ. ಐದನೇ ಭಾನುವಾರ ನೋಡಿದರೆ ಹಡಗು ಮುನಿಸಿಕೊಂಡ ನೆಂಟನಂತೆ ಮೂತಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ಕೂತಿತ್ತು. ಆ ಕಾರಣ ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಡಲಾಯಿತು.

5. ಈ ಮೂವತ್ತೊಂದು ವರ್ಷಗಳಲ್ಲಿ ಉಭಯತ್ರರು ಒಂದೇ ಮೆಟ್ಟಿಲನ್ನು ಬಳಸಿರುತ್ತಾರೆ. ಎದುರಾದಾಗಲೆಲ್ಲ ಒಬ್ಬರು ಗೋಡೆಯನ್ನೂ ಇನ್ನೊಬ್ಬರು ಕಿಟಕಿಯನ್ನೂ ನೋಡಿರುತ್ತಾರೆ. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲವೆಂಬುದನ್ನು ಅರ್ಜಿದಾರನು ಪ್ರಮಾಣೀಕರಿಸುತ್ತಾನೆ. ನೀರಿನ ಟ್ಯಾಂಕು ತುಂಬಿದ ಸುದ್ದಿಯಿಂದ ಹಿಡಿದು ಮಕ್ಕಳ ಮದುವೆಯ ಕರೆಯವರೆಗೆ ಎಲ್ಲವೂ ಅತ್ತಿಗೆಯವರ ಮೂಲಕವೇ ವಿಲೇವಾರಿಯಾಗಿವೆ. "ನಿಮ್ಮಿಬ್ಬರ ನಡುವೆ ಹತ್ತಿ ಇಳಿದೇ ನನ್ನ ಆಯುಷ್ಯ ಕಳೀತು," ಎಂಬುದು ಅವರ ಬಹುಕಾಲದ ಅಹವಾಲು. ಅದಕ್ಕೆ ಎರಡೂ ಮಹಡಿಗಳಿಂದ ಈವರೆಗೆ ಉತ್ತರ ಹೋಗಿಲ್ಲ.

6. ಕಳೆದ ವರ್ಷ ನಿವೃತ್ತನಾದ ಮೇಲೆ ಅರ್ಜಿದಾರನು ಮೂರು ತಿಂಗಳು ದಿನಪತ್ರಿಕೆಯನ್ನು ಜಾಹೀರಾತೂ ಬಿಡದಂತೆ ಓದಿದನು. ನಂತರ ಬೀರುವಿನ ಮೇಲಿನಿಂದ ಹಡಗನ್ನು ಇಳಿಸಿದನು. "ಇಷ್ಟು ವರ್ಷ ಆಫೀಸ್ ಧೂಳು ತಂದ್ರಿ, ಈಗ ಮನೇಲೇ ತಯಾರು ಮಾಡ್ತೀರಾ?" ಎಂದು ಹೆಂಡತಿಯಿಂದ ಆಕ್ಷೇಪಣೆ ಬಂದಿತು. ಆಕ್ಷೇಪಣೆಯನ್ನು ಸ್ವೀಕರಿಸಿ, ಕೆಲಸ ಮುಂದುವರಿಸಲಾಯಿತು. ಬಿಸಿನೀರಿನ ಬಟ್ಟೆ ಒತ್ತಿ ಇಪ್ಪತ್ತಾರು ಪಟ್ಟಿಗಳನ್ನೂ ಒಂದೊಂದಾಗಿ ಬಿಡಿಸಲು ಹನ್ನೊಂದು ದಿನ ಹಿಡಿದವು. ಹೊಸ ಬೆನ್ನುಮೂಳೆ ಕೊಯ್ದದ್ದಾಯಿತು. ಹಳೆಯ ಪಕ್ಕೆಲುಬುಗಳನ್ನು ಅದಕ್ಕೆ ಕೂರಿಸುವಾಗ ಕನ್ನಡಕಕ್ಕೆ ಅಂಟು ಮೆತ್ತಿ, ಅದು ಕಾಣದೆ ಬೆರಳು ಏಳನೇ ಪಕ್ಕೆಲುಬಿಗೆ ಅಂಟಿಕೊಂಡಿತು. "ಈಗ ನಿಮ್ಮಿಂದ ಹಡಗು ಬಿಡಿಸ್ಲಾ, ಹಡಗಿಂದ ನಿಮ್ಮನ್ನ ಬಿಡಿಸ್ಲಾ?" ಎಂದು ಹೆಂಡತಿ ಬಿಸಿನೀರು ಹಿಡಿದು ನಿಂತದ್ದೂ ಉಂಟು. ಪ್ರಾಯದಲ್ಲಿ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಈಗ ಕಣ್ಣು ತೆರೆದರೂ ಆಗುತ್ತಿಲ್ಲ. ಆದರೂ ಮರದ ಪುಡಿಯ ವಾಸನೆ ಮೂಗಿಗೆ ಬಿದ್ದ ದಿನ ಅರ್ಜಿದಾರನಿಗೆ ಬಹಳ ಸಂತೋಷವಾಯಿತು. ಒಮ್ಮೆ ತಲೆ ಎತ್ತಿ ಮೇಜಿನ ಎದುರು ಬದಿ ನೋಡಿದನು. ಅಲ್ಲಿ ಕುರ್ಚಿ ಖಾಲಿ ಇತ್ತು.

7. ಈಗ ಹನ್ನೆರಡು ಪಕ್ಕೆಲುಬುಗಳು ತಂತಮ್ಮ ಜಾಗದಲ್ಲಿವೆ. ಐದನೆಯದನ್ನು ಕೂರಿಸಿಲ್ಲ. ಕಾರಣ, ಅದು ಎರಡು ಮಿಲಿಮೀಟರ್ ಕಡಿಮೆ ಇದೆ.

8. ಮೇಲಿನ ಅಂಶವು ಅರ್ಜಿದಾರನಿಗೆ ತಿಳಿದದ್ದು ಈಚೆಗಲ್ಲ. ಅದೇ ಭಾನುವಾರ, ತಾವು ಮೆಟ್ಟಿಲು ಹತ್ತಿ ಹೋದ ಕಾಲು ಗಂಟೆಯೊಳಗೆ, ಅವನು ತನ್ನ ಸ್ಕೇಲಿನಿಂದಲೂ ಪಕ್ಕದ ಮನೆಯ ದರ್ಜಿಯ ಟೇಪಿನಿಂದಲೂ ಅಳೆದು ನೋಡಿದ್ದನು. ಗೆರೆ ಸರಿ ಇತ್ತು. ಕೊಯ್ದ ಕೈ ತಪ್ಪಿತ್ತು. ಆಗಲೇ ಮೇಲೆ ಬಂದು ಹೇಳಬೇಕೆಂದು ಏಳು ಮೆಟ್ಟಿಲು ಹತ್ತಿ, ನಾಳೆ ಹೇಳಿದರಾಯಿತು ಎಂದು ಇಳಿದು ಬಂದನು. ಆ ನಾಳೆಯನ್ನು ಮೂವತ್ತೊಂದು ವರ್ಷ 'ಪರಿಶೀಲನೆಯಲ್ಲಿದೆ' ಎಂದು ಇಟ್ಟುಕೊಳ್ಳಲಾಯಿತು. ಈ ವಿಳಂಬಕ್ಕೆ ಸಮರ್ಪಕ ವಿವರಣೆ ಇಲ್ಲ. ನಾಚಿಕೆ ಇದೆ.

9. ಮೊಣಕಾಲು ನೋವಿನ ಕಾರಣ ತಾವು ತಿಂಗಳ ಕೊನೆಗೆ ಮೆಟ್ಟಿಲಿಲ್ಲದ ಬೇರೆ ಮನೆಗೆ ಹೋಗುತ್ತಿರುವುದಾಗಿ ಅತ್ತಿಗೆಯವರಿಂದ ತಿಳಿದುಬಂದಿದೆ. ಹೋದರೆ, ಎದುರಾಗಿ ಗೋಡೆ ನೋಡುವ ಅವಕಾಶವೂ ತಪ್ಪುತ್ತದೆ. ಅತ್ತಿಗೆಯವರು ಇನ್ನೊಂದು ಮಾತನ್ನೂ ಅಂದರು: "ನೀವು ಮರ ಉಜ್ಜೋ ಸದ್ದು ಕೇಳಿದ್ರೆ ಇವರು ಮೆಟ್ಟಿಲಿಳೀತಾ ನಿಮ್ಮ ಬಾಗಿಲ ಹತ್ರ ನಿಂತ್ಕೋತಾರೆ. ಯಾಕೆ ನಿಂತ್ರಿ ಅಂದ್ರೆ ಮಂಡಿ ನೋವು ಅಂತಾರೆ." ಈ ಮಾಹಿತಿ ದೊರೆತ ದಿನವೇ ಅರ್ಜಿದಾರನು ಕೆಲಸದ ಮೇಜನ್ನು ಬಾಗಿಲ ಬಳಿಗೆ ವರ್ಗಾಯಿಸಿರುತ್ತಾನೆ. ಉಜ್ಜುವ ಅಗತ್ಯವಿಲ್ಲದ ಮರವನ್ನೂ ಉಜ್ಜುತ್ತಿದ್ದಾನೆ.

10. ಎರಡೂ ಬದಿಯ ಹಲಗೆಗಳನ್ನು ಒಬ್ಬನೇ ಹೊದಿಸಬಹುದೆಂದು ಹಡಗು ಮಾಡುವ ಪುಸ್ತಕ ಹೇಳುತ್ತದೆ. ರದ್ದಿ ಮರದ ಮೇಲೆ ಅರ್ಜಿದಾರನು ಮಾಡಿಯೂ ನೋಡಿದ್ದಾನೆ. ಬರುತ್ತದೆ. ಆದ್ದರಿಂದ ಈ ಅರ್ಜಿಗೆ ತಾಂತ್ರಿಕ ಕಾರಣ ಯಾವುದೂ ಇಲ್ಲ.

ಕಾರಣ ಇಲ್ಲದಿರುವ ಕಾರಣ, ಮತ್ತು ಮೇಲಿನ ಅಂಶ 8ರ ಕಾರಣ, ಹಾಗೂ ತಿಂಗಳು ಮುಗಿಯಲು ಹದಿನೇಳೇ ದಿನ ಉಳಿದಿರುವ ಕಾರಣ, ತಾವು ದಯಮಾಡಿ ಹೊಸ ಐದನೇ ಪಕ್ಕೆಲುಬಿಗೆ ಗೆರೆ ಎಳೆದುಕೊಟ್ಟು, ಬಲಬದಿಯ ಇಪ್ಪತ್ತಾರು ಪಟ್ಟಿಗಳನ್ನು, ಅರ್ಜಿದಾರನು ಎಡಕ್ಕೊಂದು ಅಂಟಿಸಿದಾಗ ಬಲಕ್ಕೊಂದರಂತೆ, ಅಂಟಿಸಿಕೊಡಬೇಕಾಗಿ ಕೋರಿದೆ. ದಿನಕ್ಕೊಂದೇ ಪಟ್ಟಿ ಸಾಕು. ಹದಿನೇಳು ದಿನಕ್ಕೆ ಇಪ್ಪತ್ತಾರು ಮುಗಿಯುವುದಿಲ್ಲವೆಂಬುದನ್ನು ಅರ್ಜಿದಾರನು ಲೆಕ್ಕ ಹಾಕಿಯೇ ಬರೆದಿದ್ದಾನೆ. ಮಿಕ್ಕ ಪಟ್ಟಿಗಳಿಗಾಗಿ ಹಡಗನ್ನು ತಮ್ಮ ಹೊಸ ಮನೆಗೆ ಹೊತ್ತು ತರಲು ಅವನು ಸಿದ್ಧನಿದ್ದಾನೆ.

ತಮ್ಮ ವಿಶ್ವಾಸಕ್ಕೆ ಎರಡು ಮಿಲಿಮೀಟರ್ ಕಡಿಮೆ ಬಿದ್ದ,
ಅರ್ಜಿದಾರ
(ಕೆಳಗಿನ ಮನೆಯವನು, ತಮ್ಮ)

ಲಗತ್ತುಗಳು:
1. ಐದನೇ ಪಕ್ಕೆಲುಬು, ಮೂಲಪ್ರತಿ.
2. ಬಲಬದಿಯ ಮೊದಲ ಪಟ್ಟಿ, ಒಂದು. (ಅಂಟು ಕಳಿಸಿಲ್ಲ. ಅದು ಕೆಳಗೆ ಮಾತ್ರ ಲಭ್ಯ.)
3. ಅರ್ಜಿದಾರನ ಹೆಂಡತಿಯ ಶಿಫಾರಸು, ಆಕೆಯ ಕೈಬರಹದಲ್ಲಿ: "ಭಾವ, ಬಂದುಬಿಡಿ. ಇವರ ಉಜ್ಜಾಟ ಕೇಳಿ ಕೇಳಿ ಸಾಕಾಗಿದೆ."

ವಿಶೇಷ ಸೂಚನೆ: ಅರ್ಜಿಯನ್ನು ತಿರಸ್ಕರಿಸುವ ಸಂಪೂರ್ಣ ಅಧಿಕಾರ ತಮಗಿದೆ. ಆದರೆ ತಿರಸ್ಕಾರವನ್ನು ತಾವೇ ಖುದ್ದಾಗಿ, ಬಾಯಿಬಿಟ್ಟು ತಿಳಿಸತಕ್ಕದ್ದು. ಮಂಡಿ ನೋವಿದ್ದಲ್ಲಿ ಮೆಟ್ಟಿಲ ಮೇಲೆ ನಿಂತು ಕೂಗಿದರೂ ಆದೀತು, ಬಾಗಿಲು ತೆರೆದಿರುತ್ತದೆ. ಬೈಗುಳಕ್ಕೆ ಅಡ್ಡಿಯಿಲ್ಲ, ಎಷ್ಟು ಹೊತ್ತಾದರೂ ಕೇಳಿಸಿಕೊಳ್ಳಲಾಗುವುದು. ಲಿಖಿತ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ.