ಆಷಾಢದಲ್ಲಿ ಗ್ರೀನ್ ಕಾರ್ಡು

ಬದರಿಯ ಫಜೀತಿ ಶುರುವಾದದ್ದು ಆಷಾಢದಿಂದ. ವೀಸಾ ಮುಗಿದು ಮೂರು ವರ್ಷವಾದರೂ ಅವನು ಅಮೆರಿಕ ಬಿಟ್ಟಿರಲಿಲ್ಲ. ತಾನು ಇರುವುದನ್ನೇ ಯಾರೂ ಗಮನಿಸುವುದಿಲ್ಲ, ಇನ್ನು ಹೋಗದಿರುವುದನ್ನು ಯಾರು ಗಮನಿಸುತ್ತಾರೆ ಎಂಬುದು ಅವನ ಧೈರ್ಯ. ಗಮನಿಸಿದವಳು ಇಲ್ಲೇ ಹುಟ್ಟಿ ಬೆಳೆದ ಮಾಳವಿಕಾ ಒಬ್ಬಳೇ. ಪ್ರೀತಿಸಿ ಮದುವೆಯಾದಳು, ಅವನ ಗ್ರೀನ್ ಕಾರ್ಡಿಗೆ ಅರ್ಜಿಯನ್ನೂ ಹಾಕಿಸಿದಳು.

"ಆಫೀಸರು ಯಾವತ್ತು ಬೇಕಾದರೂ ಮನೆಗೆ ಬರಬಹುದು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಇಲ್ಲದಿದ್ದರೆ ನೀವು ಗಂಟುಮೂಟೆ ಕಟ್ಟಬೇಕಾಗುತ್ತದೆ" ಎಂದು ವಕೀಲರು ಎಚ್ಚರಿಸಿದ್ದರು. ಅಷ್ಟರಲ್ಲಿ ಆಷಾಢ ಬಂತು. ಮೊದಲ ಆಷಾಢಕ್ಕೆ ಮಗಳು ತವರಲ್ಲೇ ಇರಬೇಕೆಂದು ಪಕ್ಕದ ಓಲ್ಡ್ ಬ್ರಿಡ್ಜ್ ಊರಿನಿಂದ ಅತ್ತೆ ಕೆಂಪಮ್ಮ ಫೋನ್ ಮಾಡಿದರು. ವಕೀಲರ ಮಾತು ತಿಳಿಸಿದಾಗ ಅವರೇ ದಾರಿ ಹುಡುಕಿದರು.

"ಮಗಳು ತಾಯಿ ಜೊತೆ ಇರ್ಬೇಕು ಅಂತ ಶಾಸ್ತ್ರ. ತಾಯಿ ಎಲ್ಲಿರ್ಬೇಕು ಅಂತ ಯಾರೂ ಹೇಳಿಲ್ಲ. ನಾನೇ ಬರ್ತೀನಿ ಬಿಡಿ."

ಮಾರನೆಯ ದಿನವೇ ಸೂಟ್‌ಕೇಸ್ ಸಮೇತ ಜರ್ಸಿ ಸಿಟಿಯ ಅಳಿಯನ ಮನೆಗೆ ಬಂದು, ಇದ್ದ ಒಂದೇ ಬೆಡ್‌ರೂಮಿನಲ್ಲಿ ಮಗಳ ಪಕ್ಕ ಮಲಗಿದರು. ಬದರಿಗೆ ಸೋಫಾ. ಅದನ್ನಾದರೂ ಸಹಿಸಬಹುದಿತ್ತು. ಆಷಾಢದಲ್ಲಿ ಅತ್ತೆ, ಅಳಿಯ ಒಂದೇ ಹೊಸಿಲು ದಾಟಬಾರದಂತೆ. ಅತ್ತೆಗೆ ಮಂಡಿನೋವು. ಆದ್ದರಿಂದ ಬಾಗಿಲು ಅವರ ಪಾಲಿಗೆ ಹೋಯಿತು. ಬೆಂಕಿ ಬಿದ್ದರೆ ಇಳಿಯಲೆಂದು ಆ ಹಳೇ ಕಟ್ಟಡದ ಹೊರಗೋಡೆಗೆ ಜೋಡಿಸಿದ್ದ ಕಬ್ಬಿಣದ ಏಣಿ ಮತ್ತು ಕಿಟಕಿ ಅಳಿಯನಿಗೆ ಉಳಿದವು.

"ದಿಸ್ ಈಸ್ ಸೋ ಸಿಲ್ಲಿ, ಅಮ್ಮ" ಎಂದಳು ಮಾಳವಿಕಾ. ಒಂದು ದೇಶದ ಕಾನೂನನ್ನೇ ಮೀರಿ ಕೂತವನು ಅತ್ತೆಯ ಮಾತು ಮೀರಲಾರದೆ ಹೋದೆನಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾ ಬದರಿ ಏಣಿ ಹತ್ತಿದ.

ಶನಿವಾರ ಬೆಳಿಗ್ಗೆ ಅವನು ಹಾಲಿನ ಕ್ಯಾನು ಹಿಡಿದು ಅರ್ಧ ಏಣಿಯಲ್ಲಿದ್ದಾಗ, ಕೆಳಗೆ ಒಬ್ಬ ಅಪರಿಚಿತ ಬದರಿಯ ಮನೆ ಯಾವುದೆಂದು ವಿಚಾರಿಸುತ್ತಿದ್ದ. ಪಕ್ಕದ ಮನೆಯ ಜಗದೀಶ್ ಅಂಕಲ್ ಉತ್ಸಾಹದಿಂದ ಮೇಲೆ ಕೈ ತೋರಿಸಿದರು.

"ಅಲ್ಲಿ ಹತ್ತುತ್ತಿದ್ದಾನಲ್ಲ, ಅವನೇ. ಬಹಳ ಒಳ್ಳೆ ಹುಡುಗ. ದಿನಾ ಹಾಗೇ ಹೋಗೋದು."

ಬಂದವನು ವಲಸೆ ಇಲಾಖೆಯ ಆಫೀಸರು ಟೋನಿ. ಬದರಿ ಕಿಟಕಿಯೊಳಗೆ ಒಂದು ಕಾಲಿಡುವಷ್ಟರಲ್ಲಿ ಅವನು ಬಾಗಿಲಿನಿಂದ ಒಳಗೆ ಬಂದು ನಿಂತಿದ್ದ.

"ಇವರು ಯಾರು?"

"ನನ್ನ ಹಸ್ಬೆಂಡ್" ಎಂದಳು ಮಾಳವಿಕಾ.

"ಸೋಫಾ ಮೇಲೆ ಮಲಗುವುದು?"

"ಅವರೇ."

"ಬೆಡ್‌ರೂಮಿನಲ್ಲಿ?"

"ನಾನು, ಅಮ್ಮ."

ಟೋನಿ ಬರೆದುಕೊಳ್ಳುತ್ತಲೇ ಇದ್ದ. ಮಾಳವಿಕಾಳನ್ನು ಬಿಟ್ಟು ಹೋಗಬೇಕಲ್ಲ ಎಂದು ಬದರಿಗೆ ನಿಜವಾಗಿಯೂ ಅಳು ಬಂತು. ಕೆಂಪಮ್ಮ ಮಾತ್ರ ಟೋನಿಯ ಕೈಗೆ ಕಾಫಿ ಕೊಟ್ಟು, ತಮ್ಮ ಇಂಗ್ಲಿಷಿನಲ್ಲಿ ಆಷಾಢವನ್ನು ಹೊಸಿಲು ಸಮೇತ ವಿವರಿಸಿದರು. ಕೇಳಿದ ಟೋನಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸುಳ್ಳು ಮದುವೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಸುಳ್ಳು ಗಂಡ ಯಾವನೂ ಅತ್ತೆಗೋಸ್ಕರ ಏಣಿ ಹತ್ತುವುದಿಲ್ಲ" ಎಂದು ಎಲ್ಲರ ಕೈಕುಲುಕಿ ಹೊರಟ.

ಶ್ರಾವಣ ಹುಟ್ಟುವಷ್ಟರಲ್ಲಿ ಗ್ರೀನ್ ಕಾರ್ಡು ಬಂತು. ಬದರಿ ಅದನ್ನು ಹಿಡಿದು, ಎಷ್ಟೋ ದಿನಗಳ ಮೇಲೆ ಬಾಗಿಲಿನಿಂದ ಒಳಗೆ ಬರಹೊರಟ. ಕೆಂಪಮ್ಮ ಅಡ್ಡ ನಿಂತರು.

"ಅಳಿಯಂದ್ರೇ, ಸ್ವಲ್ಪ ತಡೀರಿ. ಈ ಕಾರ್ಡು ಎರಡು ವರ್ಷಕ್ಕೆ ಮಾತ್ರ ಅಂತೆ, ಆಮೇಲೆ ಮತ್ತೆ ವಿಚಾರಿಸ್ತಾರಂತೆ. ಆವಯ್ಯ ಸೋಫಾ, ಕಿಟಕಿ, ನಾನು, ಎಲ್ಲಾ ಬರ್ಕೊಂಡು ಹೋಗಿದ್ದಾನೆ. ಇದ್ರಲ್ಲಿ ಒಂದು ಕಮ್ಮಿ ಆದ್ರೂ ಅನುಮಾನ ಬರಲ್ವೇ?"

ಬದರಿ ದಿಕ್ಕುತೋಚದೆ ಹೆಂಡತಿಯ ಮುಖ ನೋಡಿದ.

"ಅಮ್ಮ ಹ್ಯಾಸ್ ಎ ಪಾಯಿಂಟ್, ಬದರಿ" ಎಂದಳು ಮಾಳವಿಕಾ.

ಅವನು ಕಾರ್ಡನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋಗಿ ಏಣಿ ಹತ್ತತೊಡಗಿದ.