ಎಡಗಡೆಯ ಹೂವು

ಸಾಹುಕಾರ ಮಹಾಲಿಂಗಪ್ಪನವರು ಕೊಟ್ಟ ಗ್ರಾಫ್ ಹಾಳೆಯಲ್ಲಿ ನಡುಗೆರೆಯ ಬಲಕ್ಕೆ ಎಂಟೆಸಳಿನ ಹೂವೊಂದಿತ್ತು; ಎಡಕ್ಕೆ ಏನೂ ಇರಲಿಲ್ಲ. ಅರ್ಧ ಬರೆದು ಉಳಿದರ್ಧವನ್ನು ನೇಯುವವನಿಗೆ ಬಿಡುವುದು ಹಳೆಯ ರೂಢಿ. ಸಂಜೆಯೊಳಗೆ ಸೆರಗು ಒಪ್ಪುವಂತೆ ಮುಗಿಯದಿದ್ದರೆ ಮುಂದಿನ ಸೀರೆಗಳೆಲ್ಲ ರಾಜೂರಿನ ಮಗ್ಗಕ್ಕೆ ಹೋಗುವವೆಂದು ಸಾಹುಕಾರರು ಎಚ್ಚರಿಸಿದ್ದರು. ಆದರೂ ನೇಕಾರ ಅಂದಪ್ಪನು ಮಗ್ಗದ ಮುಂದೆ ಕುಳಿತು, ಆ ಬಿಳಿಯ ಬಯಲನ್ನು ಮುಂಜಾವಿನ ಆಕಾಶವೆಂಬಂತೆ ನೋಡುತ್ತಿದ್ದನು.

ನೆರೆಮನೆಯ ಮುತ್ತಣ್ಣ ಇಣುಕಿದನು. ಹೂವನ್ನು ಇದ್ದಂತೆಯೇ ಹಾಳೆಯ ಇಪ್ಪತ್ನಾಲ್ಕು ಚೌಕದ ಮನೆಗಳಷ್ಟು ಎಡಕ್ಕೆ ಸರಿಸಬೇಕೆಂದು ಅವನ ತೀರ್ಪು. ಅಂದಪ್ಪ ಪೆನ್ಸಿಲಿನಿಂದ ಚುಕ್ಕೆಯಿಟ್ಟನು. ಕಣ್ಣ ಮುಂದೆ ಹೂವು ಕೆರೆಯ ಮೇಲಿನ ದೋಣಿಯಂತೆ ತೇಲಿತು. ತೇಲುತ್ತಲೇ ಹೊತ್ತು ಏರಿತು.

ಬಟ್ಟೆ ಹೊಲಿಯುವ ಕಾಶೀಂಬಿ ಬಂದು ನಕ್ಕಳು. "ಸರಿಸಿದ್ರ ಹ್ಯಾಂಗ ನಡೀತೈತೋ ಅಂದಪ್ಪಣ್ಣ? ನಡುಗೆರಿ ಹಿಡದು ಮಡಚು. ಕನ್ನಡ್ಯಾಗ ಕಂಡಂಗ ಬರ್ಬೇಕು."

ಅಂದಪ್ಪ ಅಳಿಸಿದನು, ಮಡಚಿದನು, ಮತ್ತೆ ಚುಕ್ಕೆಯಿಟ್ಟನು. ಈ ಸಲ ಹೂವು ನೀರಿನಾಚೆ ನಿಂತು ತನ್ನನ್ನೇ ನೋಡಿಕೊಂಡಿತು. ಹೊರಗೆ ಮುತ್ತಣ್ಣನೂ ಕಾಶೀಂಬಿಯೂ ಒಂದೇ ಗೂಡಿಗೆ ಬಂದ ಎರಡು ಕಾಗೆಗಳಂತೆ ಕಚ್ಚಾಡುತ್ತಿದ್ದರು.

ಮಧ್ಯಾಹ್ನ ಸಾಲೆಯಿಂದ ಬಂದ ಮಗಳು ವಿದ್ಯಾಶ್ರೀ ಇಬ್ಬರ ಮಾತನ್ನೂ ತಳ್ಳಿಹಾಕಿದಳು.

"ಅಪ್ಪಾ, ಅರ್ಧ ಸುತ್ತು ತಿರುಗಿಸು. ನಮ್ಮ ಪುಸ್ತಕದಾಗ ಹಿಂಗ ಐತಿ."

ಮೂರನೆಯ ಸಲ ಚುಕ್ಕೆಯಿಡುವಾಗ ಅಂದಪ್ಪನ ಕನಸು ಸ್ವಲ್ಪ ಹರಿಯಿತು. ಪೆನ್ಸಿಲಿನ ಮೊನೆ ಹಳೆಯ ಚುಕ್ಕೆಗಳ ಕುಳಿಗಳಿಗೇ ಇಳಿಯುತ್ತಿತ್ತು, ಒಂದೂ ತಪ್ಪದೆ. ಸರಿಸಿದರೂ, ಮಡಚಿದರೂ, ತಿರುಗಿಸಿದರೂ ಎಂಟೆಸಳಿನ ಹೂವು ಬಂದು ಕೂರುವುದು ಅದೇ ಮನೆಗಳಲ್ಲಿ.

"ನಾ ಹೇಳ್ಲಿಲ್ಲೇನು?" ಎಂದು ಮೂವರೂ ಒಟ್ಟಿಗೆ ಕೇಳಿದರು.

ಅಂದಪ್ಪನ ಲಾಳಿ ಆಮೇಲೆ ಬೆನ್ನಟ್ಟಿಸಿಕೊಂಡ ಅಳಿಲಿನಂತೆ ಓಡಿತು. ಸಂಜೆಗೆ ಸಾಹುಕಾರರು ಹೊಸ್ತಿಲು ದಾಟುವ ಹೊತ್ತಿಗೆ ಕೊನೆಯ ಎಸಳೂ ಮುಗಿದಿತ್ತು. ಅವರು ಸೆರಗಿನ ಮೇಲೆ ಕೈಯಾಡಿಸಿದರು. ಕೈ ಎಡಕ್ಕೆ ಬಂದು ನಿಂತಿತು.

"ಅಂದಪ್ಪಾ, ಇಲ್ಲಿ ಹೂವ ಯಾಕ ಹಾಕೀಯೋ?"

"ನಕ್ಷಿಯೊಳಗ ಖಾಲಿ ಇತ್ತಲ್ರಿ, ಸಾವ್ಕಾರ್ರ."

"ಖಾಲಿ ಇರ್ಲಿ ಅಂತನ ಖಾಲಿ ಬಿಟ್ಟಿದ್ದೆ. ಈಗಿನ ಹುಡುಗ್ಯಾರಿಗೆ ಒಂದ ಹೂವು ಸಾಕಂತ."

ಸಲಹೆ ಕೊಟ್ಟವರಿಗೆ ಒಬ್ಬೊಬ್ಬರಿಗೂ ಮನೆಯ ಕೆಲಸ ನೆನಪಾಯಿತು. ಸಾಹುಕಾರರು ನಕ್ಷೆಯನ್ನು ಸುರುಳಿ ಸುತ್ತಿ, ಬೈಕನ್ನು ರಾಜೂರಿನ ಕಡೆಗೆ ತಿರುಗಿಸಿದರು. ಅಂದಪ್ಪ ಎಡಗಡೆಯ ಹೂವನ್ನು ಬಿಚ್ಚಲು ಕುಳಿತನು. ಅದು ಎಷ್ಟು ಚಲೋ ಕೂತಿತ್ತೆಂದರೆ, ಎಷ್ಟು ಹುಡುಕಿದರೂ ಎಳೆಯ ತುದಿ ಸಿಗಲಿಲ್ಲ.