ಮಡ್‌ಗಾರ್ಡ್ ಮೇಲಿನ ಹುದ್ದೆ

ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಉರುಳುವುದು ಪ್ರಕೃತಿಯ ನಿಯಮ. ಆದರೆ ಸರ್ಕಾರಿ ಯೋಜನೆಯಲ್ಲಿ ಕೊಟ್ಟ ಟ್ರ್ಯಾಕ್ಟರ್ ಕಚೇರಿಯ ಪೂರ್ವಾನುಮತಿಯಿಲ್ಲದೆ ಉರುಳುವುದು ನಿಯಮಬಾಹಿರ. 1998ರ ಮೇ ತಿಂಗಳ ಕೊನೆಯ ವಾರ ಕಮಲಾಪುರದ ಗುಡ್ಡದ ಹೊಲವೊಂದರಲ್ಲಿ ಇಂಥ ನಿಯಮಬಾಹಿರ ಘಟನೆ ನಡೆದದ್ದು ಕಚೇರಿಯ ಗಮನಕ್ಕೆ ಬಂದಿತು.

ಇದನ್ನು ಬರೆಯುತ್ತಿರುವ ನಾನು ಗುಂಡಣ್ಣ, ಕಲಬುರಗಿಯ ವಿಭಾಗೀಯ ಸಣ್ಣ ಟ್ರ್ಯಾಕ್ಟರ್ ಪ್ರೋತ್ಸಾಹ ಕಚೇರಿಯ ದ್ವಿತೀಯ ದರ್ಜೆ ಸಹಾಯಕ. ಹದಿನೇಳು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತವನು. ತೂಕ ತೊಂಬತ್ನಾಲ್ಕು ಕಿಲೋ. ತೂಕವನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಅದು ಕಡತದ ಭಾಗವಾಯಿತು.

ಉರುಳಿದ ಟ್ರ್ಯಾಕ್ಟರ್ ಮಲ್ಕಮ್ಮನ ಹೆಸರಿನದು. ಹೊಲವೂ ಅವಳದೇ, ಕೆಂಪು ಬಾಳೆ ತೋಟದ ಮೇಲ್ಗಡೆ ನಾಲ್ಕು ಎಕರೆ. ಗಾಡಿ ನಡೆಸುವವನು ಅವಳ ಗಂಡ ಭೀಮಶಾ. ಗುಡ್ಡದಲ್ಲಿ ಮೇಲೆ ಕೆಳಗೆ ಹೊಡೆದರೆ ಗಾಡಿ ಉರುಳುವುದಿಲ್ಲ ನಿಜ, ಆದರೆ ಮೊದಲ ಮಳೆಗೇ ಹೊಲದ ಮಣ್ಣೆಲ್ಲ ಬಾಳೆ ತೋಟಕ್ಕೆ ಇಳಿದುಹೋಗುತ್ತದೆ. ಆದ್ದರಿಂದ ಅಲ್ಲಿಯವರು ಗುಡ್ಡಕ್ಕೆ ಅಡ್ಡಲಾಗಿಯೇ ಹೊಡೆಯುತ್ತಾರೆ. ಹಾಗೆ ಹೊಡೆಯುತ್ತಿರುವಾಗ ಕೆಳಗಿನ ಗಾಲಿ ಒಂದು ತಗ್ಗಿಗೆ ಇಳಿದು, ಗಾಡಿ ಮೆಲ್ಲಗೆ ಮಗ್ಗುಲಾಯಿತು. ಭೀಮಶಾ ಜಿಗಿದು ಬಾಳೆ ತೋಟದಲ್ಲಿ ಬಿದ್ದ. ಕಾಲು ಬಾತಿತು, ಬೇರೇನೂ ಆಗಲಿಲ್ಲ.

ಮೂರನೆಯ ದಿನ ಮಲ್ಕಮ್ಮ ಅರ್ಜಿ ಹಿಡಿದು ನಮ್ಮ ಕಚೇರಿಗೆ ಬಂದಳು. ನಮ್ಮ ಸಾಹೇಬರು ದೇವೀಂದ್ರಪ್ಪನವರು ಅರ್ಜಿಯನ್ನು ಓದದೆ ಅವಳನ್ನೇ ಕೇಳಿದರು. ಓದಿದರೆ ಉತ್ತರ ಕೊಡಬೇಕಾಗುತ್ತದೆ ಎಂಬುದು ಅವರ ಅನುಭವ.

"ಗಾಲಿ ಬಿಚ್ಚಿ ತಿರುವಿ ಹಾಕಿದ್ರ ಎರಡೂ ಕಡಿ ನಾಕ್ನಾಕ ಇಂಚು ಹೊರಗ ಬರ್ತಾವಂತ್ರಿ. ಗಾಡಿ ಅಗಲಾಗಿ ಗಟ್ಟಿ ನಿಂದರ್ತದ. ನಮ್ಮೂರ ಇಮಾಮುದ್ದೀನ್ ಮಿಸ್ತ್ರಿ ಒಂದ್ ಗಾಲಿಗಿ ಅರ್ಧಾ ತಾಸು ಸಾಕು ಅಂತಾನ. ನೀವು ಬೋಲ್ಟಿಗಿ ಹಾಕಿದ್ದು ಸೀಲ್ ಅದ ನೋಡ್ರಿ, ಅದನ್ನ ತೆಗೀಲಾಕ ಅಪ್ಪಣಿ ಕೊಡ್ರಿ. ಮಿರಗ ಮಳಿ ಹೋಗೂದ್ರಾಗ ತೊಗರಿ ಬಿತ್ತಬೇಕು. ನನ್ನ ಗಂಡನೂ ಉಳೀಬೇಕು."

ಮಿರಗವೆಂದರೆ ಮೃಗಶಿರಾ ಮಳೆ, ಜೂನ್ ಮೂರನೆಯ ವಾರಕ್ಕೆ ಮುಗಿಯುತ್ತದೆ. ಇನ್ನು ಸೀಲಿನ ವಿಷಯ ಹೇಳಬೇಕು. ನಮ್ಮ ಯೋಜನೆಯ ಹದಿನಾಲ್ಕನೆಯ ನಿಯಮದಂತೆ ಟ್ರ್ಯಾಕ್ಟರು ಕೊಟ್ಟಾಗ ಎಷ್ಟು ಉದ್ದ, ಎಷ್ಟು ಅಗಲ ಇತ್ತೋ ಐದು ವರ್ಷ ಅಷ್ಟೇ ಇರತಕ್ಕದ್ದು. ಅದಕ್ಕಾಗಿ ವಿದ್ಯುತ್ ಮೀಟರಿಗೆ ಹಾಕುವಂತೆ ಗಾಲಿಯ ಬೋಲ್ಟುಗಳಿಗೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತುತ್ತೇವೆ. ಸೀಲು ಒಡೆದರೆ ಟ್ರ್ಯಾಕ್ಟರ್ ವಾಪಸ್. ಒಡೆಯಲು ಅನುಮತಿ ಕೊಡುವ ನಿಯಮ ಬರೆಯಲು ಯೋಜನೆ ರೂಪಿಸಿದ ದಿನ ಸಮಯ ಸಾಕಾಗಿರಲಿಲ್ಲವಂತೆ.

ಸಾಹೇಬರು ಕಡತ ತೆರೆದರು. "ನಿನ್ನ ಹೊಲ ಸಪಾಟು ಅಂತ ಇಲ್ಲಿ ಬರದದ. ಸಪಾಟು ಹೊಲದಾಗ ಗಾಡಿ ಹ್ಯಾಂಗ ಉರುಳ್ತದವ್ವಾ?"

ಆ ಕಾಲಂ ತುಂಬಿದವನು ನಾನೇ. ಯೋಜನೆ ಸಪಾಟು ಹೊಲಗಳಿಗೆ ಮಾತ್ರ ಇದ್ದುದರಿಂದ ಕಮಲಾಪುರದ ಇಡೀ ಗುಡ್ಡವನ್ನು ಒಂದೇ ಮಧ್ಯಾಹ್ನದಲ್ಲಿ ಸಪಾಟು ಮಾಡಿದ್ದೆ. ಬುಲ್‌ಡೋಜರ್ ತಂದಿದ್ದರೆ ಮೂರು ವರ್ಷ ಹಿಡಿಯುತ್ತಿತ್ತು.

"ನೀವೇ ಬಂದು ನಿಂತು ನೋಡ್ರಿ ಸಾಹೇಬ್ರ," ಅಂದಳು ಮಲ್ಕಮ್ಮ.

ಸಾಹೇಬರು ಕಡತದಲ್ಲಿ "ಕುಣಿಯಲಾರದವರು ನೆಲ ಡೊಂಕು ಎನ್ನುವುದು ವಾಡಿಕೆ, ಆದಾಗ್ಯೂ ಸ್ಥಳ ಪರಿಶೀಲಿಸಬಹುದು" ಎಂದು ಷರಾ ಬರೆದರು. ಹೀಗೆ ಬರೆಯಬಲ್ಲ ಅಧಿಕಾರಿ ವಿಭಾಗದಲ್ಲಿ ಇನ್ನೊಬ್ಬರಿಲ್ಲ.

ನಾವು ಹೋದೆವು. ಸಾಹೇಬರು ಹೊಲದ ಅಂಚಿನಲ್ಲಿ ಜೀಪು ನಿಲ್ಲಿಸಿ ಇಳಿದು, ನೆಲ ಸಪಾಟಾಗಿಯೇ ಇದೆ ಎಂದು ನನಗೆ ಬರೆಸುತ್ತಿರುವಾಗ ಜೀಪು ತಾನಾಗಿಯೇ ಹೊರಟು ಬಾಳೆ ತೋಟ ಸೇರಿತು. "ವಾಹನವು ಸ್ವಇಚ್ಛೆಯಿಂದ ಚಲಿಸಿತು" ಎಂದು ಸೇರಿಸಿಕೊಂಡೆ.

ಆಮೇಲೆ ಭೀಮಶಾ ಬಾತ ಕಾಲಿನಲ್ಲೇ ಗಾಡಿ ಹತ್ತಿ ಅಡ್ಡಸಾಲು ಹೊಡೆದು ತೋರಿಸಲು ಹೊರಟ. ಮಣ್ಣಿನಲ್ಲಿ ನನ್ನ ಚಪ್ಪಲಿ ಕಿತ್ತುಹೋಗಿದ್ದರಿಂದ, ನಡೆಯುವ ತ್ರಾಸು ಬೇಡವೆಂದು ನಾನು ಗುಡ್ಡದ ಮೇಲ್ಗಡೆಯ ಮಡ್‌ಗಾರ್ಡ್ ಮೇಲೆ ಕುಳಿತುಬಿಟ್ಟೆ. ಊರ ಕಡೆ ಎಲ್ಲರೂ ಹಾಗೆಯೇ ಕೂಡುತ್ತಾರೆ. ಟ್ರ್ಯಾಕ್ಟರಿಗೆ ಸೀಟು ಒಂದು, ನೆಂಟರು ಹತ್ತು. ಗಾಡಿ ಅಲುಗಾಡದೆ ಆ ತುದಿ ಮುಟ್ಟಿತು. ಸಾಹೇಬರು ನನ್ನನ್ನು ಇಳಿಸಿ ಮತ್ತೊಮ್ಮೆ ಹೊಡೆಸಿದರು. ಗಾಡಿ ವಾಲಿತು. ಮಲ್ಕಮ್ಮ ಕಣ್ಣು ಮುಚ್ಚಿಕೊಂಡಳು.

"ಗುಂಡಣ್ಣ ಕುಂತ್ರ ಗಟ್ಟಿ, ಇಳಿದ್ರ ಸಡ್ಲು," ಅಂದರು ಸಾಹೇಬರು. "ಗುಂಡಣ್ಣ ಟ್ರ್ಯಾಕ್ಟರಿನ ಭಾಗ ಅಲ್ಲ. ಅಂದಮ್ಯಾಲ ಟ್ರ್ಯಾಕ್ಟರಿನಾಗ ಏನೂ ಬದಲಾವಣಿ ಆಗಿಲ್ಲ. ಸೀಲೂ ಉಳೀತು, ಗಾಡೀನೂ ಉಳೀತು."

"ಅದು ಕುಂದ್ರೋ ಜಾಗ ಅಲ್ರಿ ಸಾಹೇಬ್ರ," ಅಂದ ಇಮಾಮುದ್ದೀನ್. ಅವನು ಜೀಪನ್ನು ತೋಟದಿಂದ ಎಳೆಯಲು ಬಂದಿದ್ದ. "ಇವರು ಜಾರಿ ಬಿದ್ರ ನೇರ ಗಾಲಿ ಕೆಳಗ. ನಂಗ ಒಂದ್ ತಾಸು ಕೊಡ್ರಿ, ಮುಗೀತದ."

ಖಾಸಗಿ ವ್ಯಕ್ತಿಯ ಅಭಿಪ್ರಾಯವಾದ್ದರಿಂದ ಅದನ್ನು ದಾಖಲಿಸಲಿಲ್ಲ.

ಒಂದು ವಾರದಲ್ಲಿ ಸುತ್ತೋಲೆ ಹೊರಟಿತು. ಕಲಬುರಗಿಯಲ್ಲಿ ಒಂದು ವಾರ ಅಂದರೆ ಆ ಹೊತ್ತೇ ಅಂದಂತೆ. "ಗುಡ್ಡದಂತೆ ತೋರುವ ಸಪಾಟು ಹೊಲಗಳಲ್ಲಿ ಸ್ಥಿರತಾ ಸಹಾಯಕ ಎಂಬ ಹುದ್ದೆಯನ್ನು ಈ ಮೂಲಕ ಸೃಜಿಸಲಾಗಿದೆ. ಸಹಾಯಕನು ತೊಂಬತ್ತು ಕಿಲೋಗೆ ಕಡಿಮೆಯಿಲ್ಲದಂತೆ ತೂಗತಕ್ಕದ್ದು. ಸದಾ ಮೇಲ್ಗಡೆಯ ಮಡ್‌ಗಾರ್ಡ್ ಮೇಲೆ ಆಸೀನನಾಗತಕ್ಕದ್ದು. ಪ್ರತಿ ತಿರುವಿನಲ್ಲಿ ಇಳಿದು, ಚಲನವಲನ ಪುಸ್ತಕದಲ್ಲಿ ಸಹಿ ಮಾಡಿ, ಇನ್ನೊಂದು ಬದಿಗೆ ಏರತಕ್ಕದ್ದು. ರಜೆ ಹಾಕಿದಲ್ಲಿ ಸಮತೂಕದ ಬದಲಿ ನೌಕರ ಅಥವಾ ಇಬ್ಬರು ಜವಾನರನ್ನು ಒಟ್ಟಿಗೆ ಕೂರಿಸಬಹುದು. ಮಧ್ಯಾಹ್ನ ಒಂದೂವರೆಯಿಂದ ಎರಡೂಕಾಲರವರೆಗೆ ಊಟದ ವಿರಾಮವಿದ್ದು, ಆ ಅವಧಿಯಲ್ಲಿ ಟ್ರ್ಯಾಕ್ಟರಿನ ಬಗ್ಗೆ ಕಚೇರಿಗೆ ಯಾವ ಜವಾಬ್ದಾರಿಯೂ ಇರುವುದಿಲ್ಲ." ಪ್ರತಿ ಸಂಜೆ ಸೀಲು ಪರೀಕ್ಷಿಸಿ, ಸವೆದಿದ್ದರೆ ಹೊಸದು ಒತ್ತಲು ಇಕ್ಕಳವನ್ನೂ ಸೀಸವನ್ನೂ ನನ್ನ ವಶಕ್ಕೇ ಕೊಟ್ಟರು.

ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗತೊಡಗಿದೆ. ಮಲ್ಕಮ್ಮ ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಾಲಿ ಕೇಳಿದ್ರ ಸಾಹೇಬನ್ನ ಕಳಿಸ್ಯಾರ," ಅಂದಳು. ಆದರೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕೊಟ್ಟಳು. ನಾಲ್ಕು ರೊಟ್ಟಿ ತಿಂದೆ. ಕಚೇರಿಯ ಹದಿನೇಳು ವರ್ಷದಲ್ಲಿ ಅಷ್ಟು ರುಚಿಯಾದದ್ದನ್ನು ತಿಂದಿರಲಿಲ್ಲ ಎಂದು ಇಲ್ಲಿ ನೇರವಾಗಿ ಹೇಳುತ್ತೇನೆ.

ಕೆಲಸ ಮಾತ್ರ ಸಾಗಲಿಲ್ಲ. ಒಂದು ಸಾಲಿಗೆ ಎರಡು ನಿಮಿಷ, ಇಳಿದು ಸಹಿ ಮಾಡಿ ಏರುವುದಕ್ಕೆ ಐದು ನಿಮಿಷ. ದಿನಕ್ಕೆ ಎಪ್ಪತ್ತು ಸಲ ಇಳಿದು ಏರಿದ್ದರಿಂದ ಹತ್ತೇ ದಿನದಲ್ಲಿ ನನ್ನ ಪ್ಯಾಂಟು ಸಡಿಲವಾಯಿತು. ತೂಕ ಮಾಡಿದಾಗ ಎಂಬತ್ತೆಂಟು. ಕಚೇರಿಯಿಂದ ನೋಟಿಸು ಬಂದಿತು: "ಸರ್ಕಾರಿ ಕೆಲಸಕ್ಕೆ ಮೀಸಲಿಟ್ಟ ಆರು ಕಿಲೋ ತೂಕವನ್ನು ಎಲ್ಲಿ, ಯಾರ ಅಪ್ಪಣೆಯ ಮೇರೆಗೆ ಕಳೆದಿರಿ?" ಸೇವಾವಧಿಯಲ್ಲಿ ಸವೆದಿದೆ ಎಂದು ಉತ್ತರಿಸಿದೆ.

ಮಿರಗ ಮುಗಿಯಲು ನಾಲ್ಕು ದಿನ ಉಳಿದಾಗ ಮೇಲಿನ ಕಡಿದಾದ ಎಕರೆ ಇನ್ನೂ ಹಾಗೇ ಇತ್ತು. ಅಲ್ಲಿ ಮೊದಲ ಸಾಲಿಗೇ ಗಾಡಿ ವಾಲಿತು. ನನ್ನ ಕಡೆಯ ಗಾಲಿ ಒಂದು ಗೇಣು ಮೇಲೆದ್ದು, ಏನೋ ಯೋಚಿಸಿ, ಮತ್ತೆ ಕೆಳಗಿಳಿಯಿತು. ಭೀಮಶಾ ಗಾಡಿ ನಿಲ್ಲಿಸಿದ.

ಮಲ್ಕಮ್ಮ ಓಡಿ ಬಂದು ಕೀಲಿ ಕಿತ್ತುಕೊಂಡಳು. "ತೊಗರಿ ಹಾಳಾಗಿ ಹೋಗ್ಲಿ. ಇಬ್ರೂ ಇಳೀರಿ," ಅಂದಳು. ಹೇಳಿ ಅಲ್ಲೇ ಸಾಲಿನಲ್ಲಿ ಕುಳಿತು ಬಿತ್ತದ ಹೊಲ ನೋಡುತ್ತಿದ್ದಳು. ಅವಳು ಅತ್ತಿದ್ದರೆ ನಾನು ಬಹುಶಃ ನಿಯಮ ಓದಿ ಹೇಳುತ್ತಿದ್ದೆ. ಸುಮ್ಮನೆ ಕುಳಿತದ್ದನ್ನು ನೋಡಲಾಗಲಿಲ್ಲ.

ಗಡಿಯಾರ ನೋಡಿದೆ. ಒಂದೂವರೆ. "ಇಮಾಮುದ್ದೀನನ್ನ ಕರೀರಿ," ಅಂದೆ. "ಈಗ ಮುಕ್ಕಾಲು ತಾಸು ಈ ಗಾಡಿ ನಮ್ಮ ಕಚೇರಿಗಿ ಸಂಬಂಧ ಇಲ್ಲ."

ಆ ದಿನ ಇಮಾಮುದ್ದೀನ್ ಒಂದು ಗಾಲಿ ತಿರುವಿದ. ಎರಡೂಕಾಲಿಗೆ ನಾನು ಹೊಸ ಸೀಲು ಒತ್ತಿ, ಅರ್ಧ ದಿನದ ರಜೆ ಹಾಕಿ ಮನೆಗೆ ಹೋದೆ. ಒಂದೇ ಗಾಲಿ ಹೊರಬಂದ ಗಾಡಿಯನ್ನು ಓಡಿಸಬಾರದು, ಸಹಾಯಕನಿಲ್ಲದೆ ಅದು ಓಡುವಂತೆಯೂ ಇರಲಿಲ್ಲ. ಮರುದಿನ ಅದೇ ಹೊತ್ತಿಗೆ ಇನ್ನೊಂದು ಗಾಲಿ ತಿರುವಿ, ಭಾರ ಹೆಚ್ಚಲೆಂದು ಎರಡೂ ಟೈರಿಗೆ ನೀರು ತುಂಬಿದ. ಆಮೇಲೆ ಗಾಡಿ ಆ ಗುಡ್ಡದಲ್ಲಿ ಎಮ್ಮೆ ನಡೆದಂತೆ ನಡೆಯಿತು. ನಾನು ಬದುವಿನ ಬೇವಿನ ಕೆಳಗೆ ಕುಳಿತು ಪುಸ್ತಕಕ್ಕೆ ಸಹಿ ಹಾಕಿದೆ, ಭೀಮಶಾ ಬಿತ್ತಿದ. ಮಿರಗದ ಕೊನೆಯ ಮಳೆ ತೊಗರಿಯ ಮೇಲೆ ಬಿದ್ದಿತು.

ದಿನಾ ಬಸ್ಸಿಳಿದು ಗುಡ್ಡ ಹತ್ತಿ, ದೀಪಾವಳಿಯ ಹೊತ್ತಿಗೆ ನನ್ನ ತೂಕ ಎಪ್ಪತ್ತಾರಕ್ಕೆ ಇಳಿದಿದ್ದರೂ ಟ್ರ್ಯಾಕ್ಟರ್ ಒಮ್ಮೆಯೂ ವಾಲಲಿಲ್ಲ. ಇದನ್ನು ಕಚೇರಿಯು "ಸಹಾಯಕನ ಅನುಭವ ಹೆಚ್ಚಿದಂತೆ ತೂಕದ ಅಗತ್ಯ ಕಡಿಮೆಯಾಗುತ್ತದೆ" ಎಂದು ದಾಖಲಿಸಿ ನನಗೆ ಬಡ್ತಿ ಕೊಟ್ಟಿತು. ನಾನು ಬೇಡವೆನ್ನಲಿಲ್ಲ.

ಜನವರಿಯಲ್ಲಿ, ತೊಗರಿ ರಾಶಿಯ ಹೊತ್ತಿಗೆ, ಸಾಹೇಬರು ವಾರ್ಷಿಕ ಪರಿಶೀಲನೆಗೆ ಬಂದರು. ಟೇಪು ಹಿಡಿದು ಎರಡು ಗಾಲಿಗಳ ನಡುವೆ ತಾವೇ ಅಳೆದರು. ಕಡತದಲ್ಲಿ ಮೂವತ್ತಾರು ಇಂಚು. ಟೇಪಿನಲ್ಲಿ ನಲವತ್ನಾಲ್ಕು.

ಮಲ್ಕಮ್ಮ ರಾಶಿ ತೂರುವುದನ್ನು ನಿಲ್ಲಿಸಿದಳು. ಗಾಡಿ ಹೋಗುತ್ತದೆಂದು ಅವಳ ಮುಖದಲ್ಲೇ ಬರೆದಿತ್ತು. ಇಂಜಿನ್ ನೋಡಲು ಬಂದಿದ್ದ ಇಮಾಮುದ್ದೀನ್ ಮೆಲ್ಲಗೆ ಬೋಲ್ಟು ಬಿಚ್ಚುವ ಪಾನಾ ಜೇಬಿಗಿಳಿಸಿದ. ನನ್ನ ಬಡ್ತಿ ಹೋಗುವುದೂ ನನಗೆ ಕಾಣಿಸಿತು.

ಸಾಹೇಬರು ಬಗ್ಗಿ ಸೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಸೀಲ್ ಒಡದಿಲ್ಲ. ಒಡದಿಲ್ಲ ಅಂತ ಏಳು ತಿಂಗಳು ಗುಂಡಣ್ಣ ಬರದಾನ, ನಾ ಸಹಿ ಮಾಡೀನಿ. ಅಂದಮ್ಯಾಲ ಗಾಡಿ ಅಗಲ ಆಗಿಲ್ಲ." ಟೇಪನ್ನು ಬಿಸಿಲಿಗೆ ಹಿಡಿದು ನೋಡಿದರು. "ಟೇಪು ಕೆಟ್ಟದ."

ಖಾತ್ರಿಗಾಗಿ ಅಂಚೆ ಕಚೇರಿ ಪಕ್ಕದ ದರ್ಜಿಯ ಟೇಪು ತರಿಸಿದರು. ಅದೂ ಸರಿಯಾಗಿ ಎಂಟು ಇಂಚು ಕೆಟ್ಟಿತ್ತು. ಬಡಿಗನ ಟೇಪೂ ಅಷ್ಟೇ ಕೆಟ್ಟಿತ್ತು. ಸಾಹೇಬರು ಮಲ್ಕಮ್ಮನಿಗೆ ಕೈ ಮುಗಿದರು. "ನಮ್ಮ ಟೇಪಿನಿಂದ ನಿಮಗ ತ್ರಾಸಾಯ್ತು."

"ಇರ್ಲಿ ಬಿಡ್ರಿ ಸಾಹೇಬ್ರ," ಅಂದಳು ಮಲ್ಕಮ್ಮ, "ಸಾಮಾನು ಅಂದಮ್ಯಾಲ ಕೆಡ್ತಾವ." ಹೇಳಿ, ಮೊರದ ತುಂಬ ತೊಗರಿ ತುಂಬಿ ಸಾಹೇಬರ ಜೀಪಿಗೆ ಹಾಕಿಸಿದಳು.

ಅದೇ ವಾರ ಆದೇಶ ಹೊರಟಿತು: "ವಿಭಾಗದ ಎಲ್ಲ ಟೇಪುಗಳೂ ಎಂಟು ಇಂಚು ಹೆಚ್ಚು ತೋರಿಸುತ್ತಿರುವುದು ದೃಢಪಟ್ಟಿರುವುದರಿಂದ, ಯೋಜನೆಯ ಟ್ರ್ಯಾಕ್ಟರುಗಳನ್ನು ಅಳೆಯುವಾಗ ಎಂಟು ಇಂಚು ಕಳೆದು ಬರೆಯತಕ್ಕದ್ದು."

ಆದೇಶದ ನಂತರ ನಾವು ಮೊದಲು ಅಳೆದದ್ದು ಮಹಾಗಾಂವದ ದೌಲಪ್ಪನ ಗಾಡಿ. ದೌಲಪ್ಪ ನಿಯಮಕ್ಕೆ ಹೆದರುವ ಮನುಷ್ಯ, ಕೊಟ್ಟ ದಿನದಿಂದ ಒಂದು ಬೋಲ್ಟನ್ನೂ ಮುಟ್ಟಿದವನಲ್ಲ. ಟೇಪಿನಲ್ಲಿ ಮೂವತ್ತಾರು ಬಂದಿತು. ಎಂಟು ಕಳೆದು ಇಪ್ಪತ್ತೆಂಟು ಬರೆದು, ಸರ್ಕಾರಿ ಟ್ರ್ಯಾಕ್ಟರನ್ನು ಎಂಟು ಇಂಚು ಸಣ್ಣದು ಮಾಡಿದ್ದಕ್ಕೆ ಸ್ಥಳದಲ್ಲೇ ನೋಟಿಸು ಕೊಟ್ಟೆವು.

ದೌಲಪ್ಪ ಆ ಸಂಜೆಯೇ ಕಮಲಾಪುರಕ್ಕೆ ಹೋಗಿ ಇಮಾಮುದ್ದೀನನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. ಮುಂದಿನ ವಾರ ಮತ್ತೆ ಅಳೆದೆವು. ನಲವತ್ನಾಲ್ಕು, ಎಂಟು ಕಳೆದು ಮೂವತ್ತಾರು. ಸಾಹೇಬರು ಅವನ ಬೆನ್ನು ತಟ್ಟಿದರು.

"ಹಿಂಗಿರಬೇಕು ನೋಡ್ರಿ ರೈತ ಅಂದ್ರ," ಅಂದರು. "ಕೊಟ್ಟಾಗ ಹ್ಯಾಂಗಿತ್ತೋ ಹಂಗೇ ಇಟ್ಟಾನ."